ಅಳೆದು ಕೊಟ್ಟ ಅಂಗಳ

ಬೆಳಗಿನ ಹತ್ತಕ್ಕೇ ಶಾಮಿಯಾನದ ಕೆಳಗೆ ಜಾಗ ಸಾಲದಾಗಿತ್ತು. ಬಿಸಿಯೂಟದ ಹೆಂಗಸರು ರಾತ್ರಿ ರೈಲು ಹತ್ತಿ ಬಂದು, ಮೆಜೆಸ್ಟಿಕ್ಕಿನಿಂದ ನಡೆದೇ ಫ್ರೀಡಂ ಪಾರ್ಕ್ ಸೇರಿದ್ದರು. ಕೈಚೀಲದಲ್ಲಿ ಬುತ್ತಿ, ನೀರಿನ ಬಾಟಲಿ, ಹಾಸಿ ಹೊದೆಯಲು ಒಂದೇ ಬೆಡ್‌ಶೀಟು. ಬಾವುಟದ ಕೋಲನ್ನು ಊರುಗೋಲಿನ ಹಾಗೆ ಹಿಡಿದು ಕೂತಿದ್ದ ನಡುವಯಸ್ಸಿನ ಹೆಂಗಸೊಬ್ಬರು ಕಾಲು ನೀವಿಕೊಳ್ಳುತ್ತಿದ್ದರು. ಮೈಕಿನಲ್ಲಿ ‘ಬೇಕೇ ಬೇಕು’ ಎಂದಾಗ ತಲೆಯೆತ್ತದೆಯೇ ‘ನ್ಯಾಯ ಬೇಕು’ ಎನ್ನುತ್ತಿದ್ದರು, ಊರಿನ ಭಜನೆಯಲ್ಲಿ ಸೊಲ್ಲಿಗೆ ಸೊಲ್ಲು ಸೇರಿಸುವಂತೆ. ಬ್ಯಾರಿಕೇಡಿನ ಆಚೆ ವ್ಯಾನಿನ ನೆರಳಲ್ಲಿ ಪೇದೆಗಳು ಚುರುಮುರಿ ತಿನ್ನುತ್ತಿದ್ದರು. ಎರಡೂ ಕಡೆಗೆ ಒಬ್ಬನೇ ಚುರುಮುರಿಯವನು.

ಅವನ ಪಕ್ಕದಲ್ಲೇ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಒಬ್ಬ ಪುಸ್ತಕ ಹರಡಿಕೊಂಡಿದ್ದ. ಅಂಬೇಡ್ಕರ್, ಸಂವಿಧಾನದ ಸಣ್ಣ ಪ್ರತಿ, ಭಗತ್ ಸಿಂಗ್ ಲಾಹೋರ್ ಜೈಲಿನಲ್ಲಿ ಕೂತು 1930ರಲ್ಲಿ ಬರೆದ ‘ನಾನೇಕೆ ನಾಸ್ತಿಕ’. ವ್ಯಾಪಾರ ಹೇಗಪ್ಪಾ ಅಂದೆ. “ಧರಣಿ ದಿನ ಭಗತ್ ಸಿಂಗ್ ಓಡ್ತಾನೆ ಸಾರ್. ಮಿಕ್ಕ ದಿನ ಕೆಎಎಸ್ ಗೈಡು” ಅಂದ. ಆ ರಾಶಿಯಲ್ಲಿ ರಟ್ಟು ಕಿತ್ತುಹೋದ ಗಿರೀಶ ಕಾರ್ನಾಡರ ‘ತುಘಲಕ್’ ಸಿಕ್ಕಿತು. ಮೊದಲ ಪುಟದಲ್ಲಿ ಯಾರದೋ ಬಿ.ಎ. ತರಗತಿಯ ರೋಲ್ ನಂಬರು. ನನ್ನ ಚೀಲದಲ್ಲಿ ಆಗಲೇ ಇನ್ನೊಂದು ತೆಳ್ಳನೆಯ ಪುಸ್ತಕವಿತ್ತು, ಇಂಗ್ಲಿಷಿನದು: ಸ್ನೇಹಲತಾ ರೆಡ್ಡಿಯವರ ಜೈಲು ದಿನಚರಿ. ಇಲ್ಲಿಗೆ ಬಂದದ್ದು ಅದನ್ನು ಇಲ್ಲೇ ಕೂತು ಓದಬೇಕೆಂಬ ಹಟದಿಂದ. ಅದರಲ್ಲಿರುವ ಜೈಲು ಇದೇ.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಇದನ್ನು ಉದ್ಯಾನ ಮಾಡಿ 2008ರಲ್ಲಿ ಜನರಿಗೆ ತೆರೆದರು. ನಡುವೆ ಕಾವಲು ಗೋಪುರ ಹಾಗೇ ನಿಂತಿದೆ. ಸುತ್ತ ಬ್ಯಾರಕ್ಕುಗಳು, ಕೆಲವು ಗೋಡೆ ಮಾತ್ರ, ಕೆಲವು ಸೂರು ಸಮೇತ. ಗೋಪುರದ ಬುಡದಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಸಾಕು, ಕಟ್ಟಿದವರ ಲೆಕ್ಕಾಚಾರ ತಿಳಿಯುತ್ತದೆ: ನಡುವೆ ನಿಂತ ಒಬ್ಬನ ಕಣ್ಣು ಎಲ್ಲರ ಮೇಲೆ. ಈಗ ಆ ಬುಡದಲ್ಲಿ ಕಾಲೇಜಿನ ಹುಡುಗ ಹುಡುಗಿ ಯಾರ ಕಣ್ಣಿಗೂ ಬೀಳಬಾರದೆಂದು ಕೂತಿದ್ದರು.

1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದ್ದು ಈ ಜೈಲಿನಲ್ಲೇ. ಶಿಕಾರಿಪುರ ತಾಲ್ಲೂಕಿನ ಆ ಊರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರ ಎಂದು ಘೋಷಿಸಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಅಂತ ನೇಮಿಸಿಕೊಂಡಿತ್ತು. ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಊರಿಗೆ ಬಂದ ದಿನ ಆಟ ಆಟವಾಗಿ ಉಳಿಯಲಿಲ್ಲ. ಇಬ್ಬರೂ ಹೆಣವಾದರು, ಊರನ್ನು ಸೂರೆ ಮಾಡಲಾಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಈ ಹೆಸರುಗಳನ್ನು ಗಟ್ಟಿಯಾಗಿ ಹೇಳಿದರೆ ಹಳ್ಳಿಶಾಲೆಯ ಹಾಜರಿ ಕೂಗಿದಂತಿರುತ್ತದೆ. ಇವರು ಏನನ್ನೂ ಬರೆದಿಡಲಿಲ್ಲ.

ಬರೆಯುವವರು ಬಂದದ್ದು ಮೂರು ದಶಕ ಕಳೆದ ಮೇಲೆ. ತುರ್ತುಪರಿಸ್ಥಿತಿ ಹೇರಿದ ಬೆನ್ನಿಗೇ, 1975ರ ಜೂನ್ 26ರ ಬೆಳಗ್ಗೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇಲ್ಲಿಯೇ ಬಂಧನಕ್ಕೊಳಗಾದರು. ಸಭೆಯ ವಿಷಯ ಪಕ್ಷಾಂತರ ತಡೆ, ಅದು ಬೇರೆ ಮಾತು. ದೇವೇಗೌಡರೂ ಈ ಜೈಲಿನಲ್ಲಿದ್ದರು. ಒಂದೇ ಕಾಂಪೌಂಡಿನೊಳಗೆ ಮುಂದಿನ ಇಬ್ಬರು ಪ್ರಧಾನಿಗಳು! ಅಡ್ವಾಣಿ ಕೂತು ಹಿಟ್ಲರನ ಜರ್ಮನಿಗೂ ಇಂದಿರಾ ಗಾಂಧಿಯವರ ಭಾರತಕ್ಕೂ ತಾಳೆ ಹಾಕಿ ಕರಪತ್ರ ಬರೆದರು, ಅದು ಗುಟ್ಟಾಗಿ ಹೊರಗೆ ಹರಿದಾಡಿತು. ಅವರ ಜೈಲು ಟಿಪ್ಪಣಿಗಳೂ 1978ರಲ್ಲಿ ಪುಸ್ತಕವಾದವು. ರಾಜಕಾರಣಿಯ ಜೈಲುಬರಹಕ್ಕೆ ಒಂದು ಗುಣವಿದೆ: ಅದು ಒಳಗೆ ಕೂತು ಹೊರಗಿನ ನಾಳೆಯನ್ನು ನೋಡುತ್ತಿರುತ್ತದೆ. ಸ್ನೇಹಲತಾ ಬರೆದದ್ದರಲ್ಲಿ ಅಂಥ ನಾಳೆ ಇಲ್ಲ. ಎದುರಿಗಿರುವ ಗೋಡೆಯಿದೆ, ಪಕ್ಕದ ಹೆಂಗಸಿದ್ದಾಳೆ, ಎದೆಯಲ್ಲಿ ಸಿಕ್ಕಿಕೊಂಡ ಉಸಿರಿದೆ.

‘ಸಂಸ್ಕಾರ’ ಸಿನಿಮಾ ನೋಡಿದವರಿಗೆ ಅವರು ಚಂದ್ರಿ. 1976ರ ಮೇ 2ರಂದು ಅವರನ್ನು ಹಿಡಿದರು. ಜಾರ್ಜ್ ಫರ್ನಾಂಡಿಸರ ಗೆಳೆಯರ ಬಳಗದವರು ಎಂಬುದು ನೆಪ. ಕೊಟ್ಟ ಕೋಣೆ ಒಬ್ಬರು ಮೈಚಾಚುವಷ್ಟು: ಒಂದು ತುದಿಗೆ ಕಂಬಿಯ ಬಾಗಿಲು, ಇನ್ನೊಂದು ತುದಿಗೆ ಶೌಚಕ್ಕೆಂದು ಬಿಟ್ಟ ರಂಧ್ರ. ಆಸ್ತಮಾ ಇದ್ದವರಿಗೆ ಅಂಥ ಕೋಣೆ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರು ತಮ್ಮ ಕಡೆಗೂ ಕೇಳುತ್ತಿತ್ತೆಂದು ದಂಡವತೆ ಆಮೇಲೆ ಬರೆದುಕೊಂಡಿದ್ದಾರೆ. ಆದರೆ ದಿನಚರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಸ್ವಂತ ನೋವಲ್ಲ. ಹೊಸದಾಗಿ ಬರುವ ಹೆಣ್ಣು ಕೈದಿಗಳ ಬಟ್ಟೆಯನ್ನು ಎಲ್ಲರೆದುರೇ ಬಿಚ್ಚಿಸುವುದನ್ನು ಕಂಡು ಅವರಿಗಾದ ಹೇಸಿಗೆ. ಶಿಕ್ಷೆ ಆದ ಮೇಲೂ ಮೈಗೆ ಮತ್ತೊಂದು ಶಿಕ್ಷೆ ಯಾಕೆ ಎಂಬ ಪ್ರಶ್ನೆ. ಆ ಹೆಂಗಸರಿಗೆ ಹೊಡೆಯುವುದು ತಗ್ಗಲಿ, ಊಟ ತಿನ್ನುವಂತಿರಲಿ ಎಂದು ಒಳಗೇ ಹೋರಾಡಿದರು, ಅವರಿಗೆ ಹಾಡು ಹೇಳಿಕೊಟ್ಟರು.

ಬಾವುಟದ ಹೆಂಗಸು ಅಷ್ಟುಹೊತ್ತಿಗೆ ಬಿಸಿಲು ತಪ್ಪಿಸಿಕೊಂಡು ನಾನು ಕೂತ ಬ್ಯಾರಕ್ಕಿನ ಮೆಟ್ಟಿಲಿಗೇ ಬಂದಿದ್ದರು. ರಾಯಚೂರು ಕಡೆಯವರು.

“ಏನ್ ಓದಾಕತ್ತೀರಿ ಸರ?”

“ಇದೇ ಜೈಲಲ್ಲಿದ್ದ ಹೆಣ್ಣುಮಗಳೊಬ್ಬರು ಬರೆದದ್ದಮ್ಮಾ.”

“ಏನ್ ಕಳುವು ಮಾಡಿದ್ಲು?”

“ಕಳುವಲ್ಲ. ಸರ್ಕಾರಕ್ಕೆ ಎದುರು ನಿಂತೋರ ಜೊತೆಯವರು ಅಂತ ಹಿಡಿದರು. ಕೊನೆಗೆ ಕೇಸಿನ ಚಾರ್ಜ್‌ಶೀಟಲ್ಲಿ ಅವರ ಹೆಸರೇ ಇರಲಿಲ್ಲ.”

“ಹಂಗಾರ ಮತ್ಯಾಕ ಇಟಗೊಂಡ್ರು?”

ಮೀಸಾ ಎಂಬ ಕಾಯ್ದೆಯಿತ್ತು, ವಿಚಾರಣೆ ಇಲ್ಲದೆಯೂ ಒಳಗಿಡಬಹುದಿತ್ತು ಅಂದೆ. ಅವರು ಬುತ್ತಿ ಬಿಚ್ಚಿ ಅರ್ಧ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ನನ್ನ ಕಡೆ ಚಾಚಿದರು. “ಆಮ್ಯಾಲ?” ಅಂದರು.

ಆಮೇಲಿನದು ಮೂರು ತಾರೀಖು. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಕೊಂಡರು. ಆ ಹೆಂಗಸು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಳಗಿನ ಕತ್ತಲೆಯ ಕಡೆ ನೋಡಿದರು. ಏನೂ ಅನ್ನಲಿಲ್ಲ.

ಅವರಿಗೆ ಹೇಳದೆ ಬಿಟ್ಟದ್ದೂ ಒಂದಿದೆ. ಆ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ಇಂದಿರಾರನ್ನು ಕಿತ್ತೊಗೆಯಿತು. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಮರುವರ್ಷ ಚಿಕ್ಕಮಗಳೂರು ಅವರನ್ನು ಲೋಕಸಭೆಗೂ ಕಳಿಸಿತು. ದೇವರಾಜ ಅರಸರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹೊಲ ಬಂದ ಕಾಲವೂ ಅದೇ. ಹೊಲ ಸಿಕ್ಕವನಿಗೆ ಸೆಂಟ್ರಲ್ ಜೈಲಿನ ರಾತ್ರಿ ಕೇಳಿಸಲಿಲ್ಲ ಎಂದು ದೂರುವಷ್ಟು ಧೈರ್ಯ ನನಗಿಲ್ಲ. ತುರ್ತುಪರಿಸ್ಥಿತಿಯ ಪುಸ್ತಕಗಳಲ್ಲಿ ಈ ಪುಟ ಸಾಮಾನ್ಯವಾಗಿ ತೆಳುವಾಗಿರುತ್ತದೆ.

ಮಧ್ಯಾಹ್ನ ‘ತುಘಲಕ್’ ತೆಗೆದೆ. ಕಾರ್ನಾಡರು ಅದನ್ನು ಬರೆದದ್ದು 1964ರಲ್ಲಿ, ಇನ್ನೂ ಇಪ್ಪತ್ತಾರರ ಹುಡುಗ. ಶುರುವಿನಲ್ಲೇ ಸುಲ್ತಾನ ತನ್ನ ಮೇಲೆಯೇ ದಾವೆ ಹೂಡಲು ಪ್ರಜೆಗೆ ಅವಕಾಶ ಕೊಡುತ್ತಾನೆ. ಜಮೀನು ಕಳೆದುಕೊಂಡ ಬ್ರಾಹ್ಮಣ ಗೆಲ್ಲುತ್ತಾನೆ; ಸುಲ್ತಾನ ತಪ್ಪೊಪ್ಪಿಕೊಂಡು ಪರಿಹಾರವನ್ನೂ ನೌಕರಿಯನ್ನೂ ಕೊಡುತ್ತಾನೆ. ಜನ ಬೆರಗಾಗುತ್ತಾರೆ. ಆ ಬ್ರಾಹ್ಮಣನಾದರೋ ವೇಷ ಹಾಕಿದ ಅಜೀಜ್ ಎಂಬ ಅಗಸ. ದೊರೆ ತನ್ನ ವಿರುದ್ಧದ ದೂರಿಗೆ ತಾನೇ ಬಾಗಿಲು ತೆರೆದಾಗ ಆ ಬಾಗಿಲಿಂದ ಮೊದಲು ಒಳಬರುವವನು ಇಂಥವನೇ ಎಂಬುದನ್ನು ಅಷ್ಟು ಎಳೆಯ ವಯಸ್ಸಿಗೆ ಕಾರ್ನಾಡರು ಹೇಗೆ ಕಂಡರೋ.

ಓದುತ್ತ ತಲೆಯೆತ್ತಿದರೆ ಎದುರಿಗೆ ಶಾಮಿಯಾನ. ಮೊದಲು ಟೌನ್‌ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಮೌರ್ಯ ವೃತ್ತದ ಗಾಂಧಿ ಪ್ರತಿಮೆ, ಹೀಗೆ ಸಿಟ್ಟು ಬಂದಲ್ಲಿ ಜನ ಕೂರುತ್ತಿದ್ದರು. 2021ರ ಆದೇಶ ಬಂದ ಮೇಲೆ ಬೆಂಗಳೂರಿನಲ್ಲಿ ಧರಣಿಗೆ ಇದೊಂದೇ ಜಾಗ, ಅದೂ ಪೊಲೀಸರ ಅನುಮತಿ ಪಡೆದು. ಟ್ರಾಫಿಕ್ಕಿಗೆ ಅನುಕೂಲವಾಗಿದೆ, ಸುಳ್ಳಲ್ಲ. ಧಿಕ್ಕಾರ ಯಾರಿಗೆ ಕೂಗುತ್ತಾರೋ ಅವರ ಕಿವಿಗೆ ಇಲ್ಲಿಂದ ಅದು ಮುಟ್ಟುವುದಿಲ್ಲ, ಅದೂ ಸುಳ್ಳಲ್ಲ.

ಸಂಜೆಯಾಗುತ್ತಿದ್ದಂತೆ ಗೋಪುರದ ನೆರಳು ಹಾಸಿಗೆಯಂತೆ ಉದ್ದವಾಯಿತು. ಮೈಕಿನವರು ವೈರು ಸುತ್ತುತ್ತಿದ್ದರು. ಗೇಟಿನಲ್ಲಿ ಪೇದೆಯೊಬ್ಬ ಚೀಲ ತೆರೆಯಲು ಹೇಳಿದ. ಇಂಗ್ಲಿಷ್ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ‘ತುಘಲಕ್’ ಕೈಗೆತ್ತಿಕೊಂಡವನ ಮುಖ ಒಮ್ಮೆಲೇ ಸಡಿಲವಾಯಿತು.

“ಡಿಗ್ರಿಯಲ್ಲಿ ಇದನ್ನ ಆಡಿದ್ವಿ ಸಾರ್.”

“ನಿಮ್ಮದು ಯಾವ ಪಾರ್ಟು?”

“ಅಜೀಜ್” ಅಂದು ನಕ್ಕ. ಪುಸ್ತಕ ಕೊಟ್ಟು, ಒಳಗೆ ಉಳಿದವರ ಕಡೆ ತಿರುಗಿ ಶಿಳ್ಳೆ ಊದಿದ. ಟೈಮಾಗಿತ್ತು.