ಕುಸ್ತಿ ಸುಳ್ಳು, ಕಣ್ಣೀರು ನಿಜ!

ತೆರೆಯ ಮೇಲೆ ನಾಯಕನ ಮುಖ ಕಾಣುವ ಮೊದಲೇ ಹಿನ್ನೆಲೆ ಸಂಗೀತ ಗುಡುಗುತ್ತದೆ, ಗಾಂಧಿ ಕ್ಲಾಸಿನಿಂದ ಸೀಟಿ ಹಾರುತ್ತದೆ. ಈ ಮರ್ಮ ನಮ್ಮ ಸಿನಿಮಾದವರಿಗೆ ಮಾತ್ರ ಗೊತ್ತು ಅಂದುಕೊಂಡಿರಾ? ಅಮೆರಿಕದ ಟಿ.ವಿ. ಕುಸ್ತಿಯವರೂ ಇದರಲ್ಲಿ ಎತ್ತಿದ ಕೈ, ರಸಿಕರೇ!

ಅಲ್ಲಿ ಯಾರು ಗೆಲ್ಲಬೇಕು, ಯಾರು ಸೋಲಬೇಕು ಎನ್ನುವುದು ಮೊದಲೇ ನಿಶ್ಚಯ. ಚಿತ್ರಕಥೆ ಇದ್ದ ಹಾಗೆ. ಇದು ನೋಡುವವರಿಗೂ ಗೊತ್ತು. ಆದರೂ ಜನ ಅಳ್ತಾರಲ್ಲ, ಯಾಕೆ? ನನ್ನನ್ನು ಕೇಳಿದರೆ ಅರ್ಧ ಪಾಲು ಸಂಗೀತಕ್ಕೇ ಸಲ್ಲಬೇಕು.

ಸಾಕ್ಷಿಗೆ ಒಂದೇ ರಾಗ ಸಾಕು. ಇಂಗ್ಲೆಂಡಿನ ಎಡ್ವರ್ಡ್ ಎಲ್ಗರ್ 1901ರಲ್ಲಿ ಬೆಳಕಿಗೆ ತಂದ 'ಪಾಂಪ್ ಅಂಡ್ ಸರ್ಕಮ್‌ಸ್ಟನ್ಸ್'. ಅಮೆರಿಕದಲ್ಲಿ ಪದವಿ ಪಡೆಯುವ ಹುಡುಗ ಹುಡುಗಿಯರು ಗೌನು ತೊಟ್ಟು ಸಾಲಾಗಿ ಬರುವಾಗ ನುಡಿಸುವುದು ಇದನ್ನೇ. ಪಿ.ಯು.ಸಿ.ಗೇ ಪುಸ್ತಕ ಮುಚ್ಚಿದ ನನ್ನಂಥವನಿಗೂ ಕೇಳಿದೊಡನೆ ಬೆನ್ನು ನೆಟ್ಟಗಾಗುತ್ತದೆ! ಟಿ.ವಿ. ಹೊಸದಾಗಿದ್ದ ಕಾಲದಲ್ಲಿ ಗಾರ್ಜಿಯಸ್ ಜಾರ್ಜ್ ಎಂಬ ಒಯ್ಯಾರದ ಜಟ್ಟಿ, ಬಂಗಾರದ ಬಣ್ಣದ ಗುಂಗುರು ಕೂದಲು ಬಿಟ್ಟುಕೊಂಡು ಈ ರಾಗಕ್ಕೆ ಹೆಜ್ಜೆ ಹಾಕುತ್ತ ಬರುತ್ತಿದ್ದ. ಅವನ ಸೊಕ್ಕು ನೋಡಿ ಜನಕ್ಕೆ ಮೈಯೆಲ್ಲ ಉರಿ!

1980ರ ದಶಕದಲ್ಲಿ ಅದೇ ರಾಗ 'ಮಾಚೋ ಮ್ಯಾನ್' ರ‍್ಯಾಂಡಿ ಸಾವೇಜ್‌ನ ಪಾಲಾಯಿತು. ಜತೆಗೆ ಮ್ಯಾನೇಜರ್ ಮಿಸ್ ಎಲಿಜಬೆತ್. ನಿಜಜೀವನದಲ್ಲೂ ಆಕೆ ಅವನ ಹೆಂಡತಿ. ಆಕೆ ಹಗ್ಗ ಸರಿಸಿ ಹಿಡಿದರೆ ಇವನು ಗತ್ತಿನಿಂದ ಒಳಗೆ ಕಾಲಿಡುವವನು. 1989ರಲ್ಲಿ, ಕಥೆಯ ಪ್ರಕಾರ, ಇಬ್ಬರೂ ಬೇರೆಯಾದರು.

1991ರ ಮಾರ್ಚ್ 24, ಲಾಸ್ ಏಂಜಲಿಸ್. ಸೋತವನು ನಿವೃತ್ತನಾಗಬೇಕೆಂಬ ಪಂದ್ಯ. ಅಲ್ಟಿಮೇಟ್ ವಾರಿಯರ್ ಎದುರು ಸಾವೇಜ್ ಸೋತ. ಜತೆಗಿದ್ದ ಹೊಸ ಮ್ಯಾನೇಜರ್ ಶೆರಿ, ಬಿದ್ದವನನ್ನೇ ಒದೆಯತೊಡಗಿದಳು. ಪ್ರೇಕ್ಷಕರ ನಡುವೆ ಕೂತಿದ್ದ ಎಲಿಜಬೆತ್ ಓಡಿ ಬಂದು ಅವಳನ್ನು ಹೊರಗೆಸೆದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು, ಅಪ್ಪಿಕೊಂಡರು. ಆಗ ಮೊಳಗಿತು, ಅದೇ ರಾಗ! ಕ್ಯಾಮೆರಾ ತಿರುಗಿದ ಕಡೆಯೆಲ್ಲ ಕಣ್ಣೊರೆಸಿಕೊಳ್ಳುವ ಜನ. ಕೊನೆಗೆ ಸಾವೇಜ್ ತಾನೇ ಹಗ್ಗ ಹಿಡಿದು ಆಕೆಯನ್ನು ಮುಂದೆ ಬಿಟ್ಟ.

ನಮ್ಮಲ್ಲಾಗಿದ್ದರೆ ಇಂಥ ಘಟ್ಟಕ್ಕೆ ಶಹನಾಯಿ, ಪಿಟೀಲು ಸುರಿದು ಅಳಿಸುತ್ತಿದ್ದರು. ಅಲ್ಲಿ ಒಂದು ಸ್ವರವನ್ನೂ ಬದಲಿಸಲಿಲ್ಲ. ಸೊಕ್ಕಿನವನ ಮೆರವಣಿಗೆಗೆ ನುಡಿದ ರಾಗವನ್ನೇ, ಸೋತು ಹೆಂಡತಿಯ ತೋಳಿಗೆ ಬಂದವನಿಗೆ ನುಡಿಸಿದರು. ವರ್ಷಗಟ್ಟಲೆ ಜನರ ಕಿವಿಯಲ್ಲಿ ಕೂತಿದ್ದ ರಾಗ ಅದು. ಅದರೊಂದಿಗೆ ಆ ಜೋಡಿಯ ಹಳೆಯ ದಿನಗಳೆಲ್ಲ ನುಗ್ಗಿ ಬಂದವು. ಎದೆ ಕರಗದೆ ಇರುತ್ತದೆಯೇ?

ಅಂದ ಹಾಗೆ, ಕಥೆಯಲ್ಲಿ ಒಂದಾದ ಆ ಜೋಡಿ ಮರುವರ್ಷವೇ, 1992ರಲ್ಲಿ, ನಿಜವಾಗಿ ವಿಚ್ಛೇದನ ಪಡೆಯಿತು. 2003ರಲ್ಲಿ ಎಲಿಜಬೆತ್ ತೀರಿಕೊಂಡರು, 2011ರಲ್ಲಿ ಸಾವೇಜ್. ಇದೆಲ್ಲ ತಿಳಿದ ಮೇಲೂ ಆ ದೃಶ್ಯಕ್ಕೆ ಆ ರಾಗ ಬಂದಾಗ ನನ್ನ ಗಂಟಲು ಕಟ್ಟುತ್ತದೆ. ಬರೀ ಆಟ ಅಂತ ತಳ್ಳಿಹಾಕೋದು ಹೇಗೆ ಹೇಳಿ?

ನಮ್ಮ ಸಂಗೀತ ನಿರ್ದೇಶಕರಿಗೆ ಒಂದು ಮಾತು: ಅಳಿಸಲು ಹೊಸ ರಾಗವೇ ಬೇಕಿಲ್ಲ ಸ್ವಾಮಿ. ಹಳೆಯದನ್ನು ಸರಿಯಾದ ಗಳಿಗೆಗೆ ಎತ್ತಿಟ್ಟುಕೊಂಡರೆ ಸಾಕು!