ಅಂಚೆಚೀಟಿಯ ಬಲದಲ್ಲಿ ಬದುಕಿದ ಹಾಳೆ

ಮೈಸೂರಿನ ರಾಮಚಂದ್ರ ಅಗ್ರಹಾರದ ಒಂದು ಮನೆಯಿಂದ ದಶಕಗಳ ಕಾಲ ಪತ್ರಿಕೆಯೊಂದು ಅಂಚೆಯ ದಾರಿ ಹಿಡಿಯಿತು. ಒಂದೇ ಹಾಳೆ. ಮಡಿಸಿ, ವಿಳಾಸ ಅಂಟಿಸಿದರೆ ಅಂಗೈಯಲ್ಲಿ ಹಿಡಿಸುವಷ್ಟು. ಹೆಸರು 'ಸುಧರ್ಮಾ', ಭಾಷೆ ಸಂಸ್ಕೃತ. ಮಾಸಿಕವಲ್ಲ, ವಾರಪತ್ರಿಕೆಯೂ ಅಲ್ಲ, ದಿನಪತ್ರಿಕೆ! ಪೇಪರ್ ಹುಡುಗ ನಸುಕಿನಲ್ಲಿ ಬಾಗಿಲಿಗೆ ಎಸೆದು ಹೋಗುವ ದಿನಪತ್ರಿಕೆಯಲ್ಲ ಇದು. ಪೋಸ್ಟ್‌ಮ್ಯಾನ್ ತಂದಾಗ ಓದುವುದು. ದೂರದ ಊರಿನವರಿಗೆ ಸುದ್ದಿ ಹಳತಾಗಿಯೇ ಸಿಗುತ್ತಿತ್ತು, ಆದರೂ ಚಂದಾ ಕಟ್ಟುತ್ತಿದ್ದರು.

ಪಂಡಿತ ಕಳಲೆ ನಡಾದೂರು ವರದರಾಜ ಅಯ್ಯಂಗಾರ್ ಇದನ್ನು ಹೊರಡಿಸಿದ್ದು 1970ರ ಜುಲೈಯಲ್ಲಿ. ಸಂಸ್ಕೃತದಲ್ಲಿ ದಿನಪತ್ರಿಕೆ ನಡೆಯುವುದುಂಟೇ ಎಂದು ಕೇಳಿದವರೇ ಹೆಚ್ಚು. ಬೆನ್ನು ತಟ್ಟಿದ ಕೆಲವರಲ್ಲಿ ಮೈಸೂರಿನ 'ಸಾಧ್ವಿ' ಪತ್ರಿಕೆಯ ಸಂಪಾದಕ ಅಗರಂ ರಂಗಯ್ಯ ಒಬ್ಬರು. ಅಯ್ಯಂಗಾರರ ಹತ್ತಿರ ಇದ್ದ ದೊಡ್ಡ ಆಸ್ತಿಯೆಂದರೆ ಸ್ವಂತ ಅಚ್ಚುಕೂಟ, ಅದರಲ್ಲಿ ಸಂಸ್ಕೃತದ ಮೊಳೆಗಳು.

ಮೊಳೆ ಜೋಡಿಸುವ ಕೆಲಸ ಈಗಿನ ಓದುಗರು ಕಂಡಿರಲಾರರು. ಒಂದೊಂದು ಅಕ್ಷರವೂ ಸೀಸದ ತುಂಡು. ಸಂಯುಕ್ತಾಕ್ಷರಗಳೇ ತುಂಬಿದ ಸಂಸ್ಕೃತಕ್ಕೆ ನೂರಾರು ಬಗೆಯ ಮೊಳೆ ಬೇಕು. ಅವನ್ನು ಒಂದೊಂದಾಗಿ ಆರಿಸಿ, ಸಾಲು ಕಟ್ಟಿ, ಕರಡು ತೆಗೆದು, ತಿದ್ದಿ, ಅಚ್ಚಿಗೆ ಏರಿಸಬೇಕು. ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಡಿಸಿ ಆಯಾ ಗೂಡಿಗೆ ತುಂಬಬೇಕು, ಏಕೆಂದರೆ ನಾಳೆಯ ಸುದ್ದಿಗೆ ಬೇಕಾದದ್ದೂ ಅವೇ ಅಕ್ಷರಗಳು. ದೊಡ್ಡ ಪತ್ರಿಕೆಯಲ್ಲಿ ಇದಕ್ಕೆ ಒಂದು ವಿಭಾಗವೇ ಇರುತ್ತಿತ್ತು. ಇಲ್ಲಿ ಮನೆಮಂದಿಯ ದುಡಿಮೆಯೂ ಸೇರಿದರೆ ಮಾತ್ರ ಹಾಳೆ ಹೊರಬೀಳುವುದು.

'ಸುಧರ್ಮಾ'ವನ್ನು ನೆನೆದಾಗಲೆಲ್ಲ ನನಗೆ ಜೊತೆಯಲ್ಲೇ ನೆನಪಾಗುವುದು ಹೆವಿ ಮೆಟಲ್ ಸಂಗೀತದ ಫ್ಯಾನ್‌ಜೀನ್‌ಗಳು. ಸಂಬಂಧವೇ ಇಲ್ಲ ಅನ್ನಿಸಬಹುದು, ಸ್ವಲ್ಪ ತಾಳಿ. ಫ್ಯಾನ್‌ಜೀನ್ ಎಂದರೆ ಅಭಿಮಾನಿಯೇ ಬರೆದು, ತಾನೇ ಜೆರಾಕ್ಸ್ ಮಾಡಿಸಿ ಹಂಚುವ ಪತ್ರಿಕೆ. 1940ರಲ್ಲಿ ಅಮೆರಿಕದ ರಸೆಲ್ ಷೋವನೆ ಎಂಬ ಕಿವುಡ ಯುವಕ ವಿಜ್ಞಾನ ಕಥೆಗಳ ಓದುಗರ ಪತ್ರಿಕೆಗಳಿಗಾಗಿ ಈ ಪದ ಕಟ್ಟಿದ. ಎಂಬತ್ತರ ದಶಕದಲ್ಲಿ ಅದನ್ನು ಮೆಟಲ್ ಹುಡುಗರು ತಮ್ಮದಾಗಿಸಿಕೊಂಡರು. ರೇಡಿಯೊ ಅವರ ಹಾಡು ಹಾಕುತ್ತಿರಲಿಲ್ಲ, ದೊಡ್ಡ ಪತ್ರಿಕೆಗಳು ತಿರುಗಿಯೂ ನೋಡುತ್ತಿರಲಿಲ್ಲ. ಉಳಿದದ್ದು ಅಂಚೆ. ಒಂದು ಲಕೋಟೆಯಲ್ಲಿ ಕ್ಯಾಸೆಟ್ಟು, ಕಾಗದ, ಬೇರೆ ಬ್ಯಾಂಡುಗಳ ಚಿಕ್ಕ ಕರಪತ್ರ. ಅಂಚೆಚೀಟಿಯ ಮೇಲೆ ಗೋಂದು ಸವರಿ ಕಳಿಸುವುದು, ತಲುಪಿದವನು ಅಂಚೆಮುದ್ರೆಯನ್ನು ತೊಳೆದು ಅದೇ ಚೀಟಿಯನ್ನು ವಾಪಸು ಕಳಿಸುವುದು. ಕಾನೂನಿಗೆ ತಪ್ಪು, ಅಷ್ಟು ಬರಿಗೈಯವರು ಅವರು.

ನಾರ್ವೆಯ ಸಾರ್ಪ್ಸ್‌ಬೋರ್ಗ್ ಎಂಬ ಊರಿನ ಯೋನ್ ಕ್ರಿಸ್ಟಿಯನ್ಸೆನ್ 1985ರಲ್ಲಿ 'ಸ್ಲೇಯರ್' ಎಂಬ ಫ್ಯಾನ್‌ಜೀನ್ ಶುರುಮಾಡಿದ. 2010ರಲ್ಲಿ ನಿಲ್ಲಿಸುವಾಗ ಬಂದಿದ್ದ ಸಂಚಿಕೆಗಳು ಒಟ್ಟು 20. ಇಪ್ಪತ್ತೈದು ವರ್ಷದ ಆಯುಸ್ಸಿಗೆ ಇಪ್ಪತ್ತೇ ಸಂಚಿಕೆ! ಆದರೂ ಆ ಸಂಗೀತದ ಚರಿತ್ರೆ ಬರೆಯುವವರು ಇಂದಿಗೂ ಅವನ್ನೇ ಹುಡುಕುತ್ತಾರೆ. ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರಾನ್ ಕ್ವಿಂಟಾನ ತನ್ನ ಹೊಸ ಪತ್ರಿಕೆಗೆ ಏನು ಹೆಸರಿಡಲಿ ಎಂದು ಪಟ್ಟಿ ಹಿಡಿದು ಗೆಳೆಯ ಲಾರ್ಸ್ ಉಲ್ರಿಚ್‌ನನ್ನು ಕೇಳಿದ. 'ಮೆಟಲ್ ಮೇನಿಯಾ' ಇಡು ಎಂದ ಲಾರ್ಸ್, ಪಟ್ಟಿಯಲ್ಲಿದ್ದ 'ಮೆಟಾಲಿಕಾ'ವನ್ನು ತನ್ನ ಬ್ಯಾಂಡಿಗೆ ಇಟ್ಟುಕೊಂಡ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ಬ್ಯಾಂಡ್ ಹಾಡಿದಾಗ ಸಾವಿರಾರು ಜನ ಕೂಗಿದ್ದು, ಮೂವತ್ತು ವರ್ಷ ಹಿಂದೆ ಒಂದು ಪುಟ್ಟ ಪತ್ರಿಕೆಗೆಂದು ಯೋಚಿಸಿದ್ದ ಹೆಸರನ್ನು.

ಅಗ್ರಹಾರದ ಪಂಡಿತರಿಗೂ ಈ ಉದ್ದಕೂದಲಿನ ಹುಡುಗರಿಗೂ ನಾನು ಕಾಣುವ ನಂಟು ಇಷ್ಟೇ: ಇಬ್ಬರ ಓದುಗರೂ ಒಂದೇ ಊರಿನಲ್ಲಿಲ್ಲ. ಅಲ್ಲೊಬ್ಬ ಇಲ್ಲೊಬ್ಬ. ಅವರನ್ನು ಪೋಣಿಸುವ ದಾರವೇ ಅಂಚೆ. ನಮ್ಮ ಅಂಚೆ ಇಲಾಖೆ ಈ ದಾರವನ್ನು ಅಗ್ಗ ಮಾಡಿಕೊಟ್ಟಿತ್ತು ಎಂಬುದನ್ನು ಮರೆಯಬಾರದು. ಆಗ ಜಾರಿಯಲ್ಲಿದ್ದ 1898ರ ಅಂಚೆ ಕಾಯ್ದೆಯ ಪ್ರಕಾರ ನೋಂದಾಯಿತ ಪತ್ರಿಕೆಗೆ ರಿಯಾಯಿತಿ ದರವಿತ್ತು. 50 ಗ್ರಾಂ ಒಳಗಿನ ಪ್ರತಿಗೆ 25 ಪೈಸೆ ಸಾಕಾಗುತ್ತಿತ್ತು. ಅಂಗಡಿಯಲ್ಲಿ ನಾಲ್ಕಾಣೆಗೆ ಏನೂ ಸಿಗದ ಕಾಲದಲ್ಲೂ ಅಷ್ಟಕ್ಕೇ ಮೈಸೂರಿನ ಹಾಳೆ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ಧಾರವಾಡದ 'ಸಂಕ್ರಮಣ'ದಂಥ, ಮೈಸೂರಿನ 'ರುಜುವಾತು'ವಿನಂಥ ಕನ್ನಡದ ಕಿರುಪತ್ರಿಕೆಗಳು ಓದುಗರನ್ನು ಮುಟ್ಟಿದ್ದೂ ಇದೇ ಅಂಚೆಯಣ್ಣನ ಚೀಲದಲ್ಲಿ.

ಸಂಸ್ಕೃತ ಯಾರಿಗೆ ಬಾಗಿಲು ತೆರೆಯಿತು, ಯಾರಿಗೆ ಹಾಕಿತು ಎಂಬ ಪ್ರಶ್ನೆ ನನಗೂ ಇದೆ. ಆ ಜಗಳ ಆಡಬೇಕಾದದ್ದೇ. ಆದರೆ ಅಯ್ಯಂಗಾರರು ಮಾಡಹೊರಟಿದ್ದು ಆ ಭಾಷೆಯಲ್ಲಿ ಇವತ್ತಿನ ಸುದ್ದಿ ಬರೆಯುವುದನ್ನು. ಪೂಜೆಯ ಕೋಣೆಯಿಂದ ಅದನ್ನು ಬೀದಿಗೆ ತರುವುದನ್ನು. ಆಕಾಶವಾಣಿಯಲ್ಲಿ ಸಂಸ್ಕೃತ ವಾರ್ತೆ ಬರಬೇಕೆಂದು ಪಟ್ಟು ಹಿಡಿದವರಲ್ಲಿ ಅವರೂ ಇದ್ದರು, 1974ರಲ್ಲಿ ಅದು ಆರಂಭವಾಯಿತು.

1990ರಲ್ಲಿ ಅಯ್ಯಂಗಾರರು ತೀರಿಕೊಂಡರು. ಮಗ ಕೆ.ವಿ. ಸಂಪತ್ ಕುಮಾರ್, ಸೊಸೆ ಜಯಲಕ್ಷ್ಮಿ ಪತ್ರಿಕೆಯನ್ನು ಕೈಗೆತ್ತಿಕೊಂಡರು. ಜಾಹೀರಾತು ಕಡಿಮೆ, ಪ್ರತಿಗಳು ಕೆಲವೇ ಸಾವಿರ, ಕಾಗದದ ಬೆಲೆ ಮಾತ್ರ ಏರುತ್ತಲೇ ಇತ್ತು. ಮೊಳೆ ಹೋಗಿ ಕಂಪ್ಯೂಟರ್ ಬಂತು. 2009ರಲ್ಲಿ ಇ-ಪೇಪರ್ ಬಂತು. ಅದಾದ ಮೇಲೂ ಅಚ್ಚು ನಿಲ್ಲಿಸಲಿಲ್ಲ. ಈ ಹಟಕ್ಕೆ ನಾನು ತಲೆಬಾಗುತ್ತೇನೆ. ಅಪ್ಪ ಶುರುಮಾಡಿದ್ದನ್ನು ಮಗ ಮೂರು ದಶಕ ಹೊತ್ತದ್ದು, ಅದೂ ದಿನ ತಪ್ಪದೆ ಹೊರಬೀಳಬೇಕಾದ ಪತ್ರಿಕೆಯನ್ನು, ನಮ್ಮ ಪತ್ರಿಕಾ ಚರಿತ್ರೆಯಲ್ಲಿ ಅಪರೂಪ.

2020ರಲ್ಲಿ ದಂಪತಿಗೆ ಒಟ್ಟಾಗಿ ಪದ್ಮಶ್ರೀ ಘೋಷಣೆಯಾಯಿತು. ಕೊರೋನಾದಿಂದ ಸಮಾರಂಭ ಮುಂದೆ ಹೋಯಿತು. 2021ರ ಜೂನ್ 30ರಂದು ಸಂಪತ್ ಕುಮಾರ್ ಹೃದಯಾಘಾತದಿಂದ ತೀರಿಕೊಂಡರು, ವಯಸ್ಸು 64. ಪ್ರಶಸ್ತಿ ಪ್ರದಾನವಾದದ್ದು ಆ ವರ್ಷದ ನವೆಂಬರ್‌ನಲ್ಲಿ.

ನಿಮ್ಮ ಊರಿನಲ್ಲಿ ಒಬ್ಬರೋ ಇಬ್ಬರೋ ಸೇರಿ ನಡೆಸುವ ಪತ್ರಿಕೆ ಇದ್ದರೆ, ಅದು ಯಾವ ಭಾಷೆಯದೇ ಆಗಲಿ, ಯಾವ ಹುಚ್ಚಿನದೇ ಆಗಲಿ, ಈ ವಾರ ಒಂದು ವರ್ಷದ ಚಂದಾ ಕಟ್ಟಿ. ಅಟ್ಟದ ಮೇಲೆ ಅದರ ಹಳೆಯ ಸಂಚಿಕೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.