ನಿಮಗಿದು ಗೊತ್ತೇ? ಹಾಡುವ ಮರಳು, ಕೇಳುವ ಸುರುಳಿ

ಸೌದಿ ಅರೇಬಿಯಾದ ರುಬ್ ಅಲ್ ಖಾಲಿ ಮರುಭೂಮಿಯಲ್ಲಿ ಮರಳು ಹಾಡುತ್ತದೆ! ಕಡಿದಾದ ದಿಬ್ಬದಿಂದ ಒಣ ಮರಳು ಜಾರುವಾಗ ಕಣಗಳು ಒಂದೇ ಲಯದಲ್ಲಿ ಒಂದಕ್ಕೊಂದು ಬಡಿದು ದೊಡ್ಡ ಮೊರೆತ ಏಳುತ್ತದೆ. 1932ರಲ್ಲಿ ಈ ಮರುಭೂಮಿ ದಾಟಿದ ಸೇಂಟ್ ಜಾನ್ ಫಿಲ್ಬಿ ಅದನ್ನು ಕಿವಿಯಾರೆ ಕೇಳಿ ಬರೆದಿಟ್ಟರು. ಹಾಡುವ ದಿಬ್ಬಗಳ ಸದ್ದು ಸಾಮಾನ್ಯವಾಗಿ 100 ಹರ್ಟ್ಸ್‌ನ ಆಸುಪಾಸು. ನಮ್ಮ ಕಿವಿಯ ವ್ಯಾಪ್ತಿ 20ರಿಂದ 20,000 ಹರ್ಟ್ಸ್. ಅಂದರೆ ಇದು ಬಹಳ ತಗ್ಗಿನ ದನಿ.

ಆ ದನಿ ಒಳಕಿವಿಯ ಯಾವ ಜಾಗವನ್ನು ಮುಟ್ಟುತ್ತದೆ, ಹೇಳಿ? ಸುರುಳಿಯ ತುತ್ತತುದಿಯನ್ನು. ಕಾಕ್ಲಿಯಾ ಎಂಬ ಈ ಸುರುಳಿಗೆ ಶಂಖದಂತೆ ಎರಡೂವರೆ ಸುತ್ತು. ಬಿಡಿಸಿ ಚಾಚಿದರೆ ಉದ್ದ ಸುಮಾರು 35 ಮಿಲಿಮೀಟರ್. ಒಳಗಿನ ಪೊರೆ ಬುಡದಲ್ಲಿ ಕಿರಿದು, ಬಿಗಿ. ತುದಿಯಲ್ಲಿ ಅಗಲ, ಸಡಿಲ. ಕೀರಲು ದನಿಗೆ ಬುಡ ಕಂಪಿಸಿದರೆ ದಪ್ಪ ದನಿಗೆ ತುದಿ ಕಂಪಿಸುತ್ತದೆ. ಪೊರೆಯ ಮೇಲೆ ಅಲೆ ಸಾಗುವುದನ್ನು ಕಂಡು ತೋರಿಸಿದ ಜಾರ್ಜ್ ಫಾನ್ ಬೆಕೆಸಿಗೆ 1961ರ ನೊಬೆಲ್ ಬಂತು.

ದೇಹದ ಅತಿ ಚಿಕ್ಕ ಮೂಳೆ ಮಧ್ಯಕಿವಿಯ ರಿಕಾಪು. ಮೂರೇ ಮಿಲಿಮೀಟರ್! ಕಿವಿತಮಟೆಯ ಕಂಪನವನ್ನು ಒಳಕಿವಿಯ ದ್ರವಕ್ಕೆ ದಾಟಿಸುವುದು ಇದೇ.

ಸದ್ದು ವಿದ್ಯುತ್ತಾಗುವುದು ಎಲ್ಲಿ? ಕಾಕ್ಲಿಯಾದ ಪೊರೆಯ ಮೇಲಿನ ರೋಮಕೋಶಗಳಲ್ಲಿ. ಒಳಸಾಲಿನಲ್ಲಿ ಸುಮಾರು 3,500, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000. ಅವುಗಳ ನವಿರು ರೋಮ ಬಾಗಿದೊಡನೆ ಪೊಟ್ಯಾಸಿಯಂ ಅಯಾನುಗಳು ಒಳನುಗ್ಗುತ್ತವೆ, ನರಕ್ಕೆ ಸಂದೇಶ ಹೋಗುತ್ತದೆ. ಕೇಳುವ ಕೆಲಸ ಮುಖ್ಯವಾಗಿ ಒಳಸಾಲಿನದು. ಹೊರಸಾಲಿನ ಕೋಶಗಳು ತಾವೇ ಕುಗ್ಗಿ ಹಿಗ್ಗಿ ಸಣ್ಣ ಸದ್ದನ್ನು ಹೆಚ್ಚಿಸಿಕೊಡುತ್ತವೆ.

ಕೋಳಿಯ ಒಳಕಿವಿಯಲ್ಲಿ ರೋಮಕೋಶ ಸತ್ತರೆ ಹೊಸದು ಹುಟ್ಟುತ್ತದೆ. ಮನುಷ್ಯನ ಕಾಕ್ಲಿಯಾದಲ್ಲಿ ಹುಟ್ಟುವುದಿಲ್ಲ. ಹುಟ್ಟುವಾಗ ಬಂದಷ್ಟೇ ಕೋಶಗಳಲ್ಲಿ ಬದುಕು ಕಳೆಯಬೇಕು.

ಜೋರು ಸದ್ದು ಈ ಕೋಶಗಳನ್ನು ಕೊಲ್ಲುತ್ತದೆ. ಹಾಗಾಗಿ ಸೌದಿಯ ಜುಬೈಲ್‌ನ ಮಾತು ಆಡಲೇಬೇಕು. 1975ರಿಂದ ರಾಯಲ್ ಕಮಿಷನ್ ಕಟ್ಟಿದ ಈ ಕೈಗಾರಿಕಾ ನಗರದಲ್ಲಿ ನಮ್ಮ ಕರಾವಳಿಯವರು ಬಹಳ ಮಂದಿ ದುಡಿಯುತ್ತಾರೆ. ಕಂಪ್ರೆಸರ್, ಟರ್ಬೈನ್‌ಗಳ ಹತ್ತಿರ ಸದ್ದು 85 ಡೆಸಿಬಲ್ ಮೀರುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕ ಇದು: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ, 88ಕ್ಕೇರಿದರೆ 4 ಗಂಟೆ, 91ಕ್ಕೆ ಎರಡೇ ಗಂಟೆ. ಮೊದಲು ಸಾಯುವುದು 4,000 ಹರ್ಟ್ಸ್ ಸುತ್ತಮುತ್ತಲಿನ ಜಾಗದ ಕೋಶಗಳು. ನೋವಿಲ್ಲ, ರಕ್ತವಿಲ್ಲ. ಊರಿಂದ ಬಂದ ಫೋನಿನಲ್ಲಿ ಮಾತು ಕೇಳುತ್ತದೆ, ಆದರೆ ಸ, ಶ, ಚ ಮಸುಕಾಗುತ್ತವೆ. ಗದ್ದಲದ ಮೆಸ್ಸಿನಲ್ಲಿ ಪಕ್ಕದವರ ಮಾತು ಹಿಡಿಯಲಾಗುವುದಿಲ್ಲ. ಕಂಪನಿ ಕೊಟ್ಟ ಸ್ಪಂಜಿನ ಇಯರ್‌ಪ್ಲಗ್ಗನ್ನು ಸುಮ್ಮನೆ ಸಿಕ್ಕಿಸಿಕೊಂಡರೆ ಸಾಲದು. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ದಯವಿಟ್ಟು ಹಾಗೇ ಮಾಡಿ.

ತಾಯಿಫ್‌ನಿಂದ ಅಲ್ ಹದಾ ಘಾಟಿ ಇಳಿದು ಮೆಕ್ಕಾ ಕಡೆ ಹೊರಟರೆ ಕಿವಿ ಗಪ್ಪೆನ್ನುತ್ತದೆ. ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಇಳಿತ! ಹೊರಗಿನ ಒತ್ತಡ ಏರಿ ತಮಟೆ ಒಳಕ್ಕೆ ಬಾಗುತ್ತದೆ. ಎಂಜಲು ನುಂಗಿದರೆ ಗಂಟಲಿಗೆ ಕೂಡುವ ಯೂಸ್ಟೇಶಿಯನ್ ನಾಳ ತೆರೆದು ಸರಿಹೋಗುತ್ತದೆ. ಎಳೆಮಗುವಿಗೆ ಇಳಿಯುವಾಗ ಹಾಲೂಡಿಸಿ.

ನಮಾಜಿಗೆ ತಲೆ ಬಾಗಿಸುವಾಗ ಅಥವಾ ಹಾಸಿಗೆಯಲ್ಲಿ ಮಗ್ಗುಲಾಗುವಾಗ ಕೋಣೆಯೇ ಗಿರ್ರನೆ ತಿರುಗಿದಂತಾದರೆ ಅದಕ್ಕೂ ಒಳಕಿವಿ ಕಾರಣವಿರಬಹುದು. ಸಮತೋಲ ಕಾಯುವ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಸ್ಥಾನ ತಪ್ಪಿ ಅರ್ಧವೃತ್ತಾಕಾರದ ನಾಳಕ್ಕೆ ಜಾರಿರುತ್ತವೆ. ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಅವನ್ನು ಹಿಂದಕ್ಕೆ ಕಳಿಸಬಲ್ಲರು, ಬಹುತೇಕ ಮಾತ್ರೆಯಿಲ್ಲದೆ.

ಅರೇಬಿಯಾದ ಮರಳು ಬೆಕ್ಕಿಗೆ ಮಧ್ಯಕಿವಿಯ ಮೂಳೆಗೂಡು ದೊಡ್ಡದು; ಮರಳಿನಡಿಯ ಇಲಿಯ ಸುಳಿವೂ ಅದಕ್ಕೆ ಸಿಗುತ್ತದೆ.

ಕಿವಿ ತಾನೇ ಸದ್ದು ಮಾಡುತ್ತದೆ! ಹೊರಸಾಲಿನ ಕೋಶಗಳ ಆ ಕುಗ್ಗು ಹಿಗ್ಗಿನಿಂದ ಹೊಮ್ಮುವ ಕ್ಷೀಣ ಸದ್ದನ್ನು 1978ರಲ್ಲಿ ಡೇವಿಡ್ ಕೆಂಪ್ ಅಳೆದು ತೋರಿಸಿದರು. ನಿದ್ದೆ ಹೋದ ನವಜಾತ ಶಿಶುವಿನ ಕಿವಿಯನ್ನು ಇಂದು ಪರೀಕ್ಷಿಸುವುದು ಸಾಮಾನ್ಯವಾಗಿ ಆ ಸದ್ದಿನಿಂದಲೇ. ಕೆಲವು ನಿಮಿಷ ಸಾಕು. ಸೌದಿ ಆರೋಗ್ಯ ಸಚಿವಾಲಯ ಇಂಥ ತಪಾಸಣೆಯನ್ನು 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಗಿಸಿತು. ಅಲ್ಲಿ ಅರ್ಧಕ್ಕೂ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ನಡೆಯುತ್ತವೆ. ಹುಟ್ಟುಕಿವುಡಿನ ಸಾಧ್ಯತೆ ಅದರಿಂದ ಹೆಚ್ಚು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಗೂ ಇದು ಹೊಸ ಮಾತಲ್ಲ. ರೋಮಕೋಶಗಳೇ ಕೈಕೊಟ್ಟ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಸರೆಯಾಗಬಲ್ಲದು. ಅದರ ವಿದ್ಯುದ್ವಾರಗಳು ಸುರುಳಿಯೊಳಗೆ ಕುಳಿತು ನೇರವಾಗಿ ಶ್ರವಣನರವನ್ನು ಪ್ರಚೋದಿಸುತ್ತವೆ. ರಿಯಾದ್‌ನಲ್ಲಿ ಇದಕ್ಕೆ ಕಿಂಗ್ ಅಬ್ದುಲ್ಲಾ ಕಿವಿ ಚಿಕಿತ್ಸಾ ಕೇಂದ್ರವಿದೆ. ಊರಿಗೆ ಮರಳುವ ಕುಟುಂಬಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಐದು ವರ್ಷದೊಳಗಿನ ಮಕ್ಕಳ ಇಂಪ್ಲಾಂಟ್‌ಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ನೆರವೂ ಸಿಗುತ್ತದೆ.